ಬದಲಾಯಿಸಿ ತಂದ ಡ್ರಿಲ್, ಪೆಟ್ಟಿಗೆಯಲ್ಲಿಲ್ಲದ ಚಕ್ ಕೀ

ಹೊಸದಾಗಿ ತಂದ ಡ್ರಿಲ್ ಮೆಷಿನ್ ವಾರ ಕಳೆಯುವುದರೊಳಗೆ ಕೈಕೊಡುತ್ತದೆ. ಅಂಗಡಿಯವರು ತಕರಾರಿಲ್ಲದೆ ಅದನ್ನು ವಾಪಸ್ ತೆಗೆದುಕೊಂಡು ಬೇರೆ ಮೆಷಿನ್ ಕೊಡುತ್ತಾರೆ. ಕೆಲಸದ ಜಾಗಕ್ಕೆ ಬಂದು ಪೆಟ್ಟಿಗೆ ಬಿಚ್ಚಿದರೆ ಮೆಷಿನ್ ಇದೆ, ಚಕ್ ಕೀ ಇಲ್ಲ, ಸೈಡ್ ಹ್ಯಾಂಡಲ್ ಇಲ್ಲ. ಮತ್ತೆ ಅಂಗಡಿಗೆ ಓಡಿದರೆ, ‘ನಾವು ಎಲ್ಲಾ ಹಾಕೇ ಕೊಟ್ಟಿದ್ದೀವಿ ಆಚಾರ್ರೇ’ ಎಂಬ ಉತ್ತರ. ‘ಹಾಕಿದ್ರೆ ಎಲ್ಲಿ ಹೋಯ್ತಣ್ಣ?’ ಎಂದು ಇವರು. ಎರಡು ಮಾತು ನಾಲ್ಕಾಗುತ್ತದೆ, ಕೊನೆಗೆ ಇಬ್ಬರ ಕಣ್ಣೂ ಪೆಟ್ಟಿಗೆ ಎತ್ತಿಕೊಟ್ಟ ಕೆಲಸದ ಹುಡುಗನ ಮೇಲೆ ಬೀಳುತ್ತದೆ.

ಮರಗೆಲಸದವರು, ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್ನರು, ಮನೆಯ ಸಣ್ಣಪುಟ್ಟ ರಿಪೇರಿ ತಾವೇ ಮಾಡಿಕೊಳ್ಳುವವರು, ಇವರಲ್ಲಿ ಅನೇಕರು ಇಂಥ ತಕರಾರನ್ನು ಕಂಡವರೇ. ಸಾಮಾನು ಎಲ್ಲಿ ತಪ್ಪಿಹೋಗುತ್ತದೆ, ಮಾತಿನಲ್ಲೇ ಹೇಗೆ ಬಗೆಹರಿಸಿಕೊಳ್ಳಬಹುದು, ಬಗೆಹರಿಯದಿದ್ದರೆ ಕಾನೂನು ಯಾರ ಬೆನ್ನಿಗಿದೆ ಎಂಬುದನ್ನು ಇವತ್ತು ನೋಡೋಣ.

ಒಂದು ಚಕ್ ಕೀಗೆ ಇಷ್ಟೊಂದು ಮಾತು ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಬೇಕು. ಡ್ರಿಲ್‌ನ ಮೂತಿಯಲ್ಲಿ ಬಿಟ್ ಹಿಡಿದುಕೊಳ್ಳುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದರ ಸುತ್ತ ಹಲ್ಲುಗಳಿರುತ್ತವೆ, ಪಕ್ಕದಲ್ಲಿ ಸಣ್ಣ ತೂತುಗಳಿರುತ್ತವೆ. ಕೀಯ ತುದಿಯನ್ನು ತೂತಿಗಿಟ್ಟು, ಹಲ್ಲಿಗೆ ಹಲ್ಲು ಕೂರಿಸಿ, ಮೂರೂ ತೂತಿನಲ್ಲಿ ಒಂದೊಂದಾಗಿ ಬಿಗಿ ಮಾಡಿದರೆ ಬಿಟ್ ಅಲುಗುವುದಿಲ್ಲ. ಕೀ ಇಲ್ಲದವರು ಏನು ಮಾಡುತ್ತಾರೆ? ತೂತಿಗೆ ಸ್ಕ್ರೂ ಡ್ರೈವರ್ ಚುಚ್ಚಿ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಹಲ್ಲು ಮುರಿಯುತ್ತದೆ, ಬಿಟ್ ಜಾರುತ್ತದೆ, ಹೊಸ ಚಕ್ ಹಾಳಾಗುತ್ತದೆ. ಸೈಡ್ ಹ್ಯಾಂಡಲ್‌ನದು ಇನ್ನೂ ಗಂಭೀರ. ಕಾಂಕ್ರೀಟ್ ಕೊರೆಯುವಾಗ ಬಿಟ್ ಒಳಗಿನ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡರೆ ಮೆಷಿನ್ ತಾನೇ ಗಿರ್ರನೆ ತಿರುಗಿ ಮಣಿಕಟ್ಟನ್ನು ತಿರುಚಿಬಿಡುತ್ತದೆ. ಆ ತಿರುವನ್ನು ತಡೆಯಲು ಎರಡನೆಯ ಕೈಗೊಂದು ಹಿಡಿಕೆ ಇರಲೇಬೇಕು. ನಾಲ್ಕಿಂಚಿನ ಗ್ರೈಂಡರ್‌ಗಳ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪೆಟ್ಟಿಗೆಯಲ್ಲಿ ಗಾರ್ಡ್ ಬಂದಿಲ್ಲ ಎಂದು ಗಾರ್ಡ್ ಇಲ್ಲದೆಯೇ ಕೆಲಸಕ್ಕಿಳಿದವನ ಮುಖಕ್ಕೂ, ಒಡೆದು ಸಿಡಿಯುವ ಡಿಸ್ಕಿನ ಚೂರಿಗೂ ನಡುವೆ ಏನೂ ಇರುವುದಿಲ್ಲ. ಇವುಗಳನ್ನು ‘ಚಿಲ್ಲರೆ ಸಾಮಾನು’ ಎಂದು ಅಂಗಡಿಯವರು ತಳ್ಳಿಹಾಕುವುದು ತಪ್ಪು, ಕೊಂಡವರು ‘ಹೋಗಲಿ ಬಿಡು’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಇನ್ನು, ಸಾಮಾನು ಹೋಗುವುದೆಲ್ಲಿಗೆ? ಎಲ್ಲರ ಮನಸ್ಸಿಗೂ ಮೊದಲು ಬರುವುದು ಕಳ್ಳತನ. ಆದರೆ ಬದಲಾವಣೆ ಹೇಗೆ ನಡೆಯುತ್ತದೆ ಎಂಬುದನ್ನು ಕೌಂಟರಿನ ಬಳಿ ನಿಂತು ಗಮನಿಸಿದರೆ, ಕಳ್ಳತನದ ಅಗತ್ಯವೇ ಇಲ್ಲದೆ ಸಾಮಾನು ತಪ್ಪಿಹೋಗುವ ದಾರಿಗಳು ಎಷ್ಟಿವೆ ಎಂದು ತಿಳಿಯುತ್ತದೆ.

ಮೊದಲ ಸಲ ಕೊಳ್ಳುವಾಗ ಸೀಲ್ ಆದ ಪೆಟ್ಟಿಗೆ ಬರುತ್ತದೆ. ಬದಲಾಯಿಸುವಾಗ ಕೌಂಟರಿನ ಮೇಲೆ ಎರಡು ಪೆಟ್ಟಿಗೆ, ಎರಡೂ ಬಿಚ್ಚಿದವು. ಹಳೆ ಮೆಷಿನ್ ಓಡುತ್ತದೋ ಇಲ್ಲವೋ ನೋಡಬೇಕು, ಹೊಸದನ್ನು ಓಡಿಸಿ ತೋರಿಸಬೇಕು. ಹುಡುಗ ಹೊಸ ಪೆಟ್ಟಿಗೆಯಿಂದ ಕೀ ತೆಗೆದು, ಬಿಟ್ ಕೂರಿಸಿ, ಪ್ಲಗ್ ಹಾಕಿ ಗುಂಡಿ ಒತ್ತುತ್ತಾನೆ. ಕೀ ಕೌಂಟರಿನ ಮೇಲೆ ಉಳಿಯುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಅರ್ಧ ಕಿಲೋ ಮೊಳೆ ಕೇಳುತ್ತಾನೆ. ತಿರುಗಿ ಬಂದ ಹುಡುಗ ಕೌಂಟರಿನ ಮೇಲಿದ್ದದ್ದನ್ನೆಲ್ಲ ಬಾಚಿ ಹತ್ತಿರದ ಪೆಟ್ಟಿಗೆಗೆ ಹಾಕುತ್ತಾನೆ. ಅದು ಹಳೆ ಪೆಟ್ಟಿಗೆಯಾಗಿದ್ದರೆ, ಸಂಜೆಯ ಹೊತ್ತಿಗೆ ನಿಮ್ಮ ಹೊಸ ಕೀ ಕೆಟ್ಟ ಮೆಷಿನ್ನಿನ ಜೊತೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೊರಟಿರುತ್ತದೆ.

ಇನ್ನೊಂದು ದಾರಿ. ಕೊಂಡವರು ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಕೆಟ್ಟ ಮೆಷಿನ್ ಮಾತ್ರ ತಂದಿರುತ್ತಾರೆ. ಅಂಗಡಿಯವರು ಹೊಸ ಮೆಷಿನ್ ಕೊಟ್ಟು, ಅದರ ಬಿಡಿಸಾಮಾನನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ. ಕಂಪನಿಗೆ ವಾಪಸ್ ಕಳಿಸುವಾಗ ಸೆಟ್ ಪೂರ್ತಿ ಇರಬೇಕಲ್ಲ? ಇದರಲ್ಲಿ ಅನ್ಯಾಯವಿಲ್ಲ, ಮೊದಲ ಸೆಟ್ಟಿನ ಕೀ, ಹ್ಯಾಂಡಲ್ ಎರಡೂ ಕೊಂಡವರ ಮನೆಯಲ್ಲೇ ಇವೆ. ಆದರೆ ಅದನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಹಾಗಾಗಿ ಅಂಗಡಿಗೆ ಫೋನ್ ಮಾಡುವ ಮೊದಲು ಮನೆಯ ಹಳೆ ಪೆಟ್ಟಿಗೆಯನ್ನು, ಅದರ ಥರ್ಮೋಕೋಲ್ ಅಡಿಯನ್ನೂ ಸೇರಿಸಿ, ಒಮ್ಮೆ ಪೂರ್ತಿ ಹುಡುಕಬೇಕು.

ಮೂರನೆಯದು ಮಾದರಿ ಬದಲಾದಾಗ ಆಗುವ ಗೊಂದಲ. ಅದೇ ಮೆಷಿನ್ ಸ್ಟಾಕ್ ಇಲ್ಲವೆಂದು ಸ್ವಲ್ಪ ಬೇರೆಯದನ್ನು ಕೊಡುತ್ತಾರೆ. ಹಳೆಯದರಲ್ಲಿ ಕೀ ಹಾಕಿ ಬಿಗಿಸುವ ಚಕ್ ಇತ್ತು, ಹೊಸದು ಕೈಯಲ್ಲೇ ತಿರುಗಿಸಿ ಬಿಗಿಸುವ ಕೀಲೆಸ್ ಚಕ್. ಅದಕ್ಕೆ ಕೀ ಬರುವುದೇ ಇಲ್ಲ. ಬ್ಯಾಟರಿ ಮೆಷಿನ್‌ಗಳಲ್ಲಿ ಈ ಗೊಂದಲ ಸಾವಿರಾರು ರೂಪಾಯಿಯ ಮಾತಾಗುತ್ತದೆ. ಒಂದೇ ಮೆಷಿನ್ನನ್ನು ಕಂಪನಿಗಳು ಎರಡು ರೀತಿ ಮಾರುತ್ತವೆ: ಬ್ಯಾಟರಿ, ಚಾರ್ಜರ್, ಸೂಟ್‌ಕೇಸ್ ಎಲ್ಲ ಸೇರಿದ ಸೆಟ್ ಒಂದು, ಬರೀ ಬಾಡಿ ಇನ್ನೊಂದು. ಈಗಾಗಲೇ ಅದೇ ಕಂಪನಿಯ ಬ್ಯಾಟರಿ ಇಟ್ಟುಕೊಂಡವರಿಗೆ ಬರೀ ಬಾಡಿ ಸಾಕು, ಅಗ್ಗವೂ ಹೌದು. ಹೊರಗಿನ ಚಿತ್ರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ವ್ಯತ್ಯಾಸ ಮಾದರಿ ಸಂಖ್ಯೆಯ ಕೊನೆಯ ಅಕ್ಷರದಲ್ಲೋ, ಮೂಲೆಯಲ್ಲಿ ಅಚ್ಚಾದ ‘ಸೋಲೋ’ ಎಂಬ ಪದದಲ್ಲೋ ಅಡಗಿರುತ್ತದೆ. ಸೆಟ್ ವಾಪಸ್ ಕೊಟ್ಟು ಬಾಡಿ ತಂದವರು ‘ಬ್ಯಾಟರಿ ಕಾಣೆಯಾಗಿದೆ’ ಎನ್ನುತ್ತಾರೆ. ಅಲ್ಲಿ ಕಾಣೆಯಾದದ್ದು ಏನೂ ಇಲ್ಲ, ಕೊಟ್ಟ ಮಾಲೇ ಬೇರೆ. ಆಗ ಕೇಳಬೇಕಾದದ್ದು ಬ್ಯಾಟರಿಯನ್ನಲ್ಲ, ಸರಿಯಾದ ಸೆಟ್ಟನ್ನು ಅಥವಾ ಬೆಲೆಯ ವ್ಯತ್ಯಾಸವನ್ನು.

ಇನ್ನು ಕೆಲವು ಸಲ, ಬೇರೆ ಯಾರೋ ವಾಪಸ್ ತಂದ ಪೆಟ್ಟಿಗೆಯನ್ನು ಎಣಿಸದೆ ಮತ್ತೆ ರ‍್ಯಾಕಿಗೆ ಸೇರಿಸಿರುತ್ತಾರೆ. ಅದರ ಕೊರತೆ ಮುಂದಿನವರ ಪಾಲಿಗೆ ಬರುತ್ತದೆ. ಇಲ್ಲಿ ಹೊಣೆ ನೇರವಾಗಿ ಅಂಗಡಿಯದು.

ಕೊರತೆ ಕಂಡ ದಿನವೇ ಹೇಳಬೇಕು, ಇದು ಬಹಳ ಮುಖ್ಯ. ಬಿಡಿಸಾಮಾನಿನ ಪಟ್ಟಿ ಪೆಟ್ಟಿಗೆಯ ಪಕ್ಕದಲ್ಲೋ ಜೊತೆಗಿನ ಪುಸ್ತಿಕೆಯ ಮೊದಲ ಪುಟಗಳಲ್ಲೋ ಸಾಮಾನ್ಯವಾಗಿ ಇರುತ್ತದೆ. ಅದನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟು, ಏನಿದೆ ಏನಿಲ್ಲ ಎಂದು ಕಾಣುವಂತೆ ಒಂದು ಫೋಟೋ ತೆಗೆಯಿರಿ. ಅಂಗಡಿಯವರ ವಾಟ್ಸಾಪ್‌ಗೆ ಬಿಲ್ ನಂಬರ್, ಮೆಷಿನ್ನಿನ ಸೀರಿಯಲ್ ನಂಬರ್, ಇಲ್ಲದ ಸಾಮಾನಿನ ಹೆಸರು, ಇಷ್ಟನ್ನೇ ಬರೆದು ಫೋಟೋ ಕಳಿಸಿ. ‘ಕೊಟ್ಟಿಲ್ಲ’, ‘ಕದ್ದಿದ್ದಾರೆ’ ಎಂಬ ಮಾತು ಬೇಡ. ‘ಪೆಟ್ಟಿಗೆಯಲ್ಲಿ ಸೈಡ್ ಹ್ಯಾಂಡಲ್ ಕಾಣ್ತಿಲ್ಲ, ಹಳೆ ಪೆಟ್ಟಿಗೆಗೆ ಸೇರಿರಬಹುದು, ಒಂದ್ಸಲ ನೋಡ್ತೀರಾ?’ ಎಂದರೆ ಅಂಗಡಿಯವರು ನಿಜಕ್ಕೂ ಹುಡುಕುತ್ತಾರೆ. ಅಪವಾದ ಹೊರಿಸಿದರೆ ತಮ್ಮ ಮಾನ ಉಳಿಸಿಕೊಳ್ಳಲು ನಿಲ್ಲುತ್ತಾರೆ.

ಅಂಗಡಿಯಲ್ಲೇ ನಿಂತು ಮಾತಾಡುವುದಾದರೆ ಒಂದು ಸುಲಭದ ಪರೀಕ್ಷೆ ಇದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಮೊಳೆ ತೂಗುವ ತಕ್ಕಡಿ ಇದ್ದೇ ಇರುತ್ತದೆ. ನಿಮ್ಮ ಪೆಟ್ಟಿಗೆಯನ್ನೂ, ಅದೇ ಮಾದರಿಯ ಸೀಲ್ ಒಡೆಯದ ಪೆಟ್ಟಿಗೆಯನ್ನೂ ಒಂದಾದ ಮೇಲೊಂದು ತೂಗಿಸಿ. 18 ವೋಲ್ಟಿನ ಒಂದು ಸಣ್ಣ ಬ್ಯಾಟರಿಯೇ 300 ಗ್ರಾಂಗಿಂತ ಹೆಚ್ಚು ತೂಗುತ್ತದೆ, ಹಾಗಾಗಿ ಬ್ಯಾಟರಿ ಕಡಿಮೆ ಇದ್ದರೆ ತಕ್ಕಡಿಯಲ್ಲಿ ಕಾಣದೆ ಇರದು. ಸಿಸಿ ಕ್ಯಾಮೆರಾ ಇದ್ದರೆ ಆ ಹೊತ್ತಿನ ದೃಶ್ಯ ನೋಡಬಹುದು. ಆದರೆ ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರುತ್ತಾ ಹೋಗುತ್ತದೆ, ತಡ ಮಾಡಿದರೆ ಸಿಗದು. ಹಳೆ ಮೆಷಿನ್ ಸರ್ವಿಸ್ ಸೆಂಟರಿಗೆ ಹೋಗಿದ್ದರೆ, ಪಡೆದುಕೊಳ್ಳುವಾಗ ಅಲ್ಲಿ ಕೊಟ್ಟ ಚೀಟಿಯಲ್ಲಿ ಏನೇನು ಬಂತೆಂದು ಬರೆದಿರುವ ಸಾಧ್ಯತೆ ಇದೆ. ಅಂಗಡಿಯವರಿಂದ ಒಂದು ಫೋನ್ ಮಾಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಬದಲಾಯಿಸಿಕೊಂಡವರು ಇನ್ನೊಂದನ್ನು ಮರೆಯಬಾರದು. ಬಿಲ್ಲಿನಲ್ಲಿ, ವಾರಂಟಿ ಕಾರ್ಡಿನಲ್ಲಿ ಇರುವುದು ಹಳೆ ಮೆಷಿನ್ನಿನ ಸೀರಿಯಲ್ ನಂಬರ್. ಹೊಸದರ ನಂಬರನ್ನು ಬರೆಸಿ, ಅಂಗಡಿಯ ಮುದ್ರೆ ಹಾಕಿಸಿಕೊಳ್ಳದಿದ್ದರೆ ಆರು ತಿಂಗಳ ನಂತರ ರಿಪೇರಿಗೆ ಹೋದಾಗ ‘ಈ ಬಿಲ್ ಈ ಮೆಷಿನ್ನಿನದಲ್ಲ’ ಎಂಬ ಮಾತು ಕೇಳಬೇಕಾದೀತು. ಆನ್‌ಲೈನಿನಲ್ಲಿ ವಾರಂಟಿ ನೋಂದಾಯಿಸಿದ್ದರೆ ಅಲ್ಲೂ ಬದಲಾಗಬೇಕು.

ಈಗ ಕಾನೂನು. 1930ರಷ್ಟು ಹಿಂದೆಯೇ ಬಂದ ಸರಕು ಮಾರಾಟ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಮಾತಾದುದಕ್ಕಿಂತ ಕಡಿಮೆ ಕೊಟ್ಟರೆ ಕೊಂಡವರು ಮಾಲನ್ನೇ ನಿರಾಕರಿಸಬಹುದು ಎನ್ನುತ್ತದೆ ಅದರ 37ನೆಯ ಕಲಂ. ಪರೀಕ್ಷಿಸಿ ನೋಡಲು ಅವಕಾಶ ಸಿಗದ ಮಾಲನ್ನು ಒಪ್ಪಿಕೊಂಡಂತಾಗುವುದಿಲ್ಲ ಎನ್ನುತ್ತದೆ 41ನೆಯದು. ಆದರೆ ಏನೂ ಹೇಳದೆ ಯುಕ್ತ ಅವಧಿ ಮೀರಿ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಎಂದು 42ನೆಯ ಕಲಂ. ಅದೇ ದಿನ ಹೇಳಿ ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ. ಇಲ್ಲಿ ವ್ಯವಹಾರ ನಿಮ್ಮದೂ ಅಂಗಡಿಯದೂ. ‘ಕಂಪನಿಯವರನ್ನ ಕೇಳಿ’ ಎಂದು ಕೈತೊಳೆದುಕೊಳ್ಳುವ ಹಕ್ಕು ಅಂಗಡಿಗಿಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದು, 2020ರ ಜುಲೈನಲ್ಲಿ ಜಾರಿಗೆ ಬಂತು. ಬಿಲ್ ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ಒಪ್ಪದಿರುವುದೂ ಅದೇ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಗೋಡೆಗೆ ಹಚ್ಚಿದ ಹಲಗೆ ಕಂಡು ಹೆದರಬೇಕಾಗಿಲ್ಲ. ಆನ್‌ಲೈನಿನಲ್ಲಿ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳಂತೆ ಆ ಸಂಸ್ಥೆಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು. ಇದು ಕೋರ್ಟಲ್ಲ, ನಿಮ್ಮ ದೂರನ್ನು ಮಾರಿದವರಿಗೆ ಮುಟ್ಟಿಸಿ ಉತ್ತರ ಕೇಳುವ ವ್ಯವಸ್ಥೆ. ಅದಕ್ಕೂ ಮುಂದೆ ಹೋಗಬೇಕಾದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಹೊಟ್ಟೆಪಾಡಿಗಾಗಿ ತಾವೇ ದುಡಿಯಲು ಮೆಷಿನ್ ಕೊಂಡ ಮರಗೆಲಸದವರು, ಪ್ಲಂಬರ್‌ಗಳು ‘ಗ್ರಾಹಕ’ರಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ವಸ್ತುವಿಗೆ ಕಾಯ್ದೆಯ ರಕ್ಷಣೆ ಇದೆ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿದೆ. ಹಾಗಿದ್ದರೂ ಒಂದು ಹ್ಯಾಂಡಲ್ಲಿಗಾಗಿ ಆಯೋಗದ ಮೆಟ್ಟಿಲು ಹತ್ತುವ ದಿನ ಬರಬಾರದು ಎಂದೇ ನನ್ನ ಆಸೆ. ದಿನಗೂಲಿಯ ಕೆಲಸಗಾರನಿಗೆ ಒಂದು ಹಿಯರಿಂಗ್ ಎಂದರೆ ಒಂದು ದಿನದ ಸಂಪಾದನೆ.

ಕೊನೆಯದಾಗಿ ಅಂಗಡಿಯ ಹುಡುಗನ ವಿಷಯ. ಸಾಮಾನು ಕಡಿಮೆ ಬಂದಾಗ ಅವನ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿ ಕೆಲವೆಡೆ ಇದೆ. ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ, ಅದೂ ಅವನ ಮಾತು ಕೇಳಿದ ಮೇಲೆಯೇ, ಸಂಬಳ ಮುರಿಯಬಹುದು ಎಂಬುದು ವೇತನ ಕಾನೂನಿನ ನಿಲುವು. ಸರ್ವಿಸ್ ಸೆಂಟರಿಗೆ ಹೋದ ಪೆಟ್ಟಿಗೆಯನ್ನು ಬಿಚ್ಚಿ ನೋಡುವ ಮೊದಲೇ ಅವನನ್ನು ಕಳ್ಳನೆಂದು ಕರೆದರೆ, ಆ ಮೇಲೆ ಕೀ ಸಿಕ್ಕರೂ ಅವನಿಗಾದ ಅವಮಾನಕ್ಕೆ ಪರಿಹಾರವಿಲ್ಲ.

ಅಂಗಡಿ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ಮೆಷಿನ್ ಬದಲಾಯಿಸಿ ಕೊಡುವಾಗ ಗಿರಾಕಿಯ ಎದುರಿಗೇ ಎರಡೂ ಪೆಟ್ಟಿಗೆ ಎಣಿಸಿ. ವಾಪಸ್ ಬಂದದ್ದು ಏನೇನು, ಕೊಟ್ಟದ್ದು ಏನೇನು, ಹೊಸ ಸೀರಿಯಲ್ ನಂಬರ್ ಎಷ್ಟು ಎಂದು ಬಿಲ್ಲಿನ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೇಳುಗರೇ, ಅಂಗಡಿಯವರು ಮರೆತರೆ ನೀವೇ ಪೆನ್ನು ಕೇಳಿ ಬರೆಸಿಕೊಳ್ಳಿ.