ಎರಡು ಹೆಸರಿನ ಎಮ್ಮೆ

ಕಾಗವಾಡದ ಎಮ್ಮೆಗೆ ಎರಡು ಹೆಸರು. ಮನೆಯಲ್ಲಿ ಅದು ಎಮ್ಮೆ. ಮಹಾರಾಷ್ಟ್ರದ ಗಡಿ ದಾಟಿ, ಮ್ಹೈಸಾಳದ ಮೇಲೆ ಹಾಯ್ದು ಮಿರಜಕ್ಕೆ ಹೋದರೆ ಮರಾಠಿಯ ‘ಮ್ಹೈಸ’. ಎಮ್ಮೆಗೇನೂ ಬೇಜಾರಿಲ್ಲ, ಎರಡೂ ಕಡೆ ಮೆಲುಕು ಹಾಕುತ್ತ ನಿಂತಿರುತ್ತದೆ. ಆದರೆ ಅದನ್ನು ಎರಡು ಹೆಸರಿನಿಂದ ಕರೆಯುವ ಮಗುವಿನ ತಲೆಯೊಳಗೆ ಏನೋ ನಡೆಯುತ್ತದೆ.

ಅದಕ್ಕೂ ಮುಂಚೆ ಒಂದು ಆಟ. ಉಗಾರದ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟುವ ಹೊತ್ತಿನಲ್ಲಿ ಮನೆಗೆ ಕಬ್ಬಿನ ಹಾಲು ಬಂದೇ ಬರುತ್ತದಲ್ಲ, ಆವತ್ತು ನಾಲ್ಕು ವರ್ಷದ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೇ ಥರದ ಎರಡು ಲೋಟಗಳಿಗೆ ಸಮಸಮ ಹಾಕಿ. “ಎರಡೂ ಅಷ್ಟಷ್ಟ ಅದಾವಿಲ್ಲ?” “ಹೂಂ.” ಈಗ ಅವಳ ಕಣ್ಣೆದುರೇ ಒಂದು ಲೋಟದ ಹಾಲನ್ನು ಉದ್ದನೆಯ, ಸಪೂರ ಗ್ಲಾಸಿಗೆ ಸುರಿಯಿರಿ. ಹಸಿರು ನೊರೆ ಅಂಚಿನವರೆಗೆ ಏರುತ್ತದೆ. “ಈಗ?” ತಂಗಿ ಗ್ಲಾಸಿಗೇ ಕೈ ಹಾಕುತ್ತಾಳೆ. “ಇದರಾಗ ಭಾಳ ಐತಿ. ನನಗ ಇದ ಬೇಕು!”

ನಗಬೇಡಿ. ಆ ವಯಸ್ಸಿನಲ್ಲಿ ನೀವೂ ಅದಕ್ಕೇ ಅತ್ತಿರುತ್ತೀರಿ.

ಈ ಆಟವನ್ನು ಜಗತ್ತಿಗೆ ಕಲಿಸಿದವರು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980). ಇನ್ನೂ ಹುಡುಗನಿದ್ದಾಗಲೇ, 1907ರಲ್ಲಿ, ತಾನು ಕಂಡ ಬಿಳಿಗರಿಯ ಗುಬ್ಬಿಯೊಂದರ ಬಗ್ಗೆ ಟಿಪ್ಪಣಿ ಬರೆದು ಅಚ್ಚು ಹಾಕಿಸಿದ ಆಸಾಮಿ! ಮುಂದೆ ಪ್ಯಾರಿಸಿನಲ್ಲಿ ಮಕ್ಕಳಿಗೆ ಬುದ್ಧಿ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಅವರನ್ನು ಸೆಳೆದದ್ದು ಸರಿ ಉತ್ತರಗಳಲ್ಲ, ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ನಾಲ್ಕರ ಮಗುವಿಗೆ ಎತ್ತರ ಮಾತ್ರ ಕಾಣುತ್ತದೆ. ಏಳರ ಹೊತ್ತಿಗೆ ಅದೇ ಮಗು, “ಇದು ಉದ್ದ ಐತಿ, ಖರೆ ಸಣ್ಣದೈತಿ. ತಿರುಗಿ ಸುರುವಿದರ ಅಷ್ಟ ಆಗ್ತದ” ಎನ್ನುತ್ತದೆ. ಸುರಿದದ್ದನ್ನು ಮನಸ್ಸಿನೊಳಗೇ ವಾಪಸು ಸುರಿಯಲು ಬಂತು ನೋಡಿ, ಅದು ದೊಡ್ಡ ಹೆಜ್ಜೆ.

ಆದರೆ ಪಿಯಾಜೆ ಲೆಕ್ಕ ಹಾಕಿದ್ದಕ್ಕಿಂತ ಪುಟ್ಟ ಮಕ್ಕಳು ಚುರುಕು. ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ, ‘ಮೊದಲು ಹೇಳಿದ್ದು ತಪ್ಪಿರಬೇಕು’ ಅಂದುಕೊಂಡು ಉತ್ತರ ಬದಲಿಸಿಬಿಡುತ್ತವೆ. ಮಾಸ್ತರರು “ಮತ್ತೊಮ್ಮೆ ಹೇಳು” ಎಂದಾಗ ನಮಗೂ ಹಾಗೇ ಆಗುವುದಿಲ್ಲವೇ?

ಇನ್ನು ಎಮ್ಮೆಯ ವಿಷಯ. ಸೂರ್ಯನಿಗೆ ಚಂದ್ರ ಅಂತ ಹೆಸರಿಡಬಹುದಿತ್ತೇ ಎಂದು ಪಿಯಾಜೆ ಮಕ್ಕಳನ್ನು ಕೇಳುತ್ತಿದ್ದರು. ಚಿಕ್ಕವರು ಖಡಾಖಂಡಿತ ಒಲ್ಲೆ ಎನ್ನುತ್ತಿದ್ದರು. ಅವರಿಗೆ ಹೆಸರು ಎಂದರೆ ವಸ್ತುವಿನ ಮೈಗೇ ಅಂಟಿದ ಚರ್ಮ, ಕಿತ್ತರೆ ಬರುವುದಿಲ್ಲ. ಕಾಗವಾಡದ ಓಣಿಯಲ್ಲಿ ಮಾತ್ರ ಆ ಚರ್ಮ ಬೇಗ ಸಡಿಲಾಗುತ್ತದೆ. ಕಬ್ಬು ಅತ್ತ ‘ಊಸ’, ಬೆಲ್ಲ ‘ಗೂಳ’. ಅತ್ತಲಾಗಿನವರಿಗೆ ಆಯಿ ಎಂದರೆ ಅವ್ವ, ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಇನ್ನು ‘ಗಾಯ’ ಬಂತು ಎಂದು ಮರಾಠಿಯಲ್ಲಿ ಯಾರಾದರೂ ಕೂಗಿದರೆ ಮೊಣಕಾಲು ನೋಡಿಕೊಳ್ಳಬೇಡಿ, ಬಂದದ್ದು ಆಕಳು!

ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕಾನ್ಸ್, ಇಂಗ್ಲಿಷ್ ಎರಡನ್ನೂ ಆಡುತ್ತ ಬೆಳೆದ ಮಕ್ಕಳನ್ನು ಅನಿತಾ ಇಯಾಂಕೊ-ವೊರಾಲ್ ಇಂಥದೇ ಪ್ರಶ್ನೆ ಕೇಳಿ ನೋಡಿದರು. ಹೆಸರು ಅದಲುಬದಲು ಮಾಡಬಹುದು ಎಂಬುದು ಒಂದೇ ಭಾಷೆಯ ಮಕ್ಕಳಿಗಿಂತ ಅವರಿಗೆ ಹೆಚ್ಚು ಹೊಳೆದಿತ್ತು. ಅದು ಅಚ್ಚಾದದ್ದು 1972ರಲ್ಲಿ. ನಮ್ಮ ಒಡಿಶಾದಲ್ಲಿ ಅಜಿತ್ ಮೊಹಂತಿ ಅವರು ಕುಯಿ, ಒಡಿಯಾ ಎರಡೂ ಬಲ್ಲ ಕೊಂಧ ಮಕ್ಕಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದು: ಭಾಷೆಯ ಬಗ್ಗೆಯೇ ಯೋಚಿಸಬೇಕಾದಾಗ ಅವರು ಮುಂದಿದ್ದರು. ಹಾಗಂತ ಎರಡು ಭಾಷೆಯವರು ಲೆಕ್ಕದಲ್ಲೂ ಜಾಣರು ಎಂದು ಬೀಗಬೇಡಿ, ಅದು ಬೇರೆ ಮಾತು.

ಈಗ ಕಬ್ಬಿನ ಹಾಲು ಕುಡಿದು ಮುಗಿಸಿದ ತಂಗಿಯನ್ನೂ ಎಂಟು ವರ್ಷದ ಅಕ್ಕನನ್ನೂ ಕೇಳಿ: ನಾಳೆಯಿಂದ ನಾಯಿಗೆ ಎಮ್ಮೆ ಅಂತ ಕರೆದರೆ ಅದಕ್ಕೆ ಕೋಡು ಇರುತ್ತವೋ? ತಂಗಿ ಸ್ವಲ್ಪ ಯೋಚಿಸಿ, “ಸಣ್ಣ ಸಣ್ಣವು ಇರ್ತಾವ” ಎಂದಾಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ: “ಕರದರ ಕೋಡ ಎಲ್ಲಿಂದ ಬರ್ತಾವ? ಬೊಗಳೂದ ಬಿಡ್ತದೇನು?”