ಹಲಗಿ ಹೊಳ್ಳಿ ಮನಿಗೆ ಬರೂದಾದ್ರ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನಗ ಕೊಟ್ಟ ವಿಷಯ 'ನಮ್ಮ ವಸ್ತಿಯ ಸಾಂಸ್ಕೃತಿಕ ಬದುಕು'. ಶಬ್ದ ಬಹಳ ದೊಡ್ಡದು. ನಾನು ಹಲಗಿ ಒಂದನ್ನೇ ಹಿಡಿದು ಮಾತಾಡತೀನಿ. ಜಯಂತಿಗೆ ಡಿಜೆ ತರಬೇಕೋ, ನಾವೇ ಹಲಗಿ ಬಾರಿಸಬೇಕೋ ಅಂತ ಎರಡು ಸಭೆಯಿಂದ ವಾದ ನಡೆದದ. ಹೋದ ಸಭೆಯಾಗ ಹಿರಿಯರೊಬ್ಬರು, "ನಾವು ಬಿಟ್ಟು ಬಂದದ್ದನ್ನ ನೀವ್ಯಾಕ ಮತ್ತ ಕೊರಳಿಗೆ ಹಾಕೋತೀರಿ?" ಅಂದ್ರು. ಯಾರೂ ಉತ್ತರ ಕೊಡಲಿಲ್ಲ.

ಆ ಮಾತು ಹಗುರ ಅಲ್ಲ. ಊರಾಗ ಹಲಗಿ ಅಂದ್ರ ಕಲಾ ಆಗಿರಲಿಲ್ಲ, ಚಾಕರಿ ಆಗಿತ್ತು. ಹೆಣದ ಮುಂದ ಬಾರಿಸು, ದೇವರ ಮುಂದ ಬಾರಿಸು, ಡಂಗುರ ಸಾರು, ಆಮೇಲೆ ಅಂಗಳದ ಹೊರಗ ಕೂತು ಉಣ್ಣು. ಈ ವತನದ ಚಾಕರಿ ಮುರೀಲಿಕ್ಕೆ ಬಾಬಾಸಾಹೇಬರು 1928ರಲ್ಲಿ ಮುಂಬೈ ಕೌನ್ಸಿಲ್‌ನಲ್ಲಿ ಮಸೂದೆ ತಂದರು. ಅದು ಕಾನೂನಿಂದ ರದ್ದಾದದ್ದು 1958ರಲ್ಲಿ. ನಡುವಿನ ಮೂವತ್ತು ವರ್ಷ ಲೆಕ್ಕ ಹಾಕ್ರಿ. ನಮ್ಮ ಅಜ್ಜಂದಿರು ಹಲಗಿ ಗ್ವಾಡಿಗೆ ತೂಗು ಹಾಕಿದ್ದು ಸರಿನೇ ಅದ.

ಆದರೆ ಅವರು ಹಾಡೂದು ಬಿಡಲಿಲ್ಲ. ಹಲಗಿ ಇಟ್ಟು ಢೋಲಕಿ, ಹಾರ್ಮೋನಿಯಂ ಹಿಡಿದರು, ಜಲ್ಸಾ ಕಟ್ಟಿದರು. ವಾಮನದಾದಾ ಕರ್ಡಕ್ ಅವರ ಮರಾಠಿ ಹಾಡು ಗೊತ್ತಿಲ್ಲದ ಮನಿ ನಮ್ಮಲ್ಲಿ ಇಲ್ಲ. ಗಡಿ ಆಚೆ ಸಿದ್ಧಲಿಂಗಯ್ಯ ಅವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಅಲ್ಲಿ ಚಳವಳಿಯ ಹುಡುಗರು ತಮಟಿ ಬಾರಿಸುತ್ತಲೇ ಬೀದಿಗೆ ಇಳಿದರು. ವಾದ್ಯ ಅದೇ, ಆದರೆ ಬಾರಿಸು ಅಂತ ಹೇಳೋರು ಯಾರೂ ಇರಲಿಲ್ಲ. ನನಗ ಕಾಣೂ ಫರಕು ಇಷ್ಟೇ.

ಸೊಲ್ಲಾಪುರದಾಗ ಕನ್ನಡ ಕಾರ್ಯಕ್ರಮ ಅಂದ್ರ, ಬೇಂದ್ರೆಯವರು ಇಲ್ಲಿ ಡಿ.ಎ.ವಿ. ಕಾಲೇಜಿನಾಗ ಕಲಿಸಿದ್ರು ಅಂತ ಹೇಳದ ಭಾಷಣ ಮುಗಿಯೂದಿಲ್ಲ. ಹೆಮ್ಮಿ ಪಡೋ ಮಾತೇ. ಆದರೆ ಅಕ್ಕಲಕೋಟ, ಇಂಡಿ, ಆಳಂದ ಕಡೆಯಿಂದ ದುಡೀಲಿಕ್ಕೆ ಬಂದ ಮಂದಿ ಗಂಟಿನಾಗ ಕಟ್ಟಿಕೊಂಡು ತಂದ ಕನ್ನಡ, ಬೀಸೂ ಪದ, ಜೋಗುಳ, ಡಂಗುರದ ಕೂಗು, ಅದರ ಹೆಸರು ಯಾರು ತಗೀತಾರ?

ಊರಿನ ಹೊರಗ ಕುಂಭಾರಿ ಕಡೆ ನೋಡ್ರಿ. 2006ರಲ್ಲಿ ಬೀಡಿ ಕಟ್ಟೋ ಹೆಣ್ಮಕ್ಕಳಿಗೆ ಹತ್ತು ಸಾವಿರ ಮನಿ ಸಿಕ್ಕವು. 2024ರ ಜನವರಿಯಲ್ಲಿ ರಾಯನಗರದಾಗ ಮತ್ತ ಹದಿನೈದು ಸಾವಿರ. ಹೋರಾಡಿ ಪಡೆದ ಮನಿ ಅವು. ಒಂದೇ ಓಣಿಯಾಗ ತೆಲುಗು, ಕನ್ನಡ, ಮರಾಠಿ, ಉರ್ದು ಕೇಳಸ್ತದ. ಇಂಥ ಸಣ್ಣ ಮನಿಯಾಗ ಹಲಗಿ ಬಾರಿಸಿದ್ರ ಬಾಜೂ ಮನಿ ಕೂಸು ಏಳತದ. ಕಲಿಯೋರಿಗೆ ಒಂದು ಖೋಲಿ, ಇಲ್ಲಾ ಒಂದು ಬಯಲು ಬೇಕೇ ಬೇಕು.

ಹಲಗಿ ಸಸಾರ ಅನ್ನೋರು ಒಮ್ಮೆ ಹಿಡಿದು ನೋಡ್ರಿ. ಬಲಗೈಯಾಗ ಗಿಡ್ಡ ಕೋಲು, ಎಡಗೈಯಾಗ ಸಪೂರ ಕಡ್ಡಿ. ಒಂದು ಕೈ ಪೆಟ್ಟು ಹಾಕಿದ್ರ ಇನ್ನೊಂದು ನಡುವಿನ ಜಾಗ ತುಂಬತದ. ಚರ್ಮ ತಂಪಾದ್ರ ದನಿ ಸಡಲತದ, ಮತ್ತ ಬೆಂಕಿಗೆ ಹಿಡಿಬೇಕು. ಈಗ ಬೋಲ್ಟು ಬಿಗಿಯೋ ಫೈಬರ್ ಹಲಗಿ ಬಂದಾವ, ಮಳಿಗೆ ಅಂಜಿಕಿಲ್ಲ. ದನಿ ಮಾತ್ರ ಡಬ್ಬಾದಂಗ, ಇದು ನನ್ನ ಅಭಿಪ್ರಾಯ. ನಮ್ಮ ಹುಡುಗಿಯರು ಶಾಲಿಯಾಗ ಹಲಗಿ ಪೆಟ್ಟಿಗೆ ಲೇಜಿಂ ಆಡಿದವರೇ. ತಾಳ ಅವರ ಕಾಲಾಗ ಅದ, ಕೈಗೆ ಕೋಲು ಕೊಡೂದೊಂದೇ ಬಾಕಿ.

ಡಿಜೆ ಬ್ಯಾಡೇ ಬ್ಯಾಡ ಅಂತ ನಾನು ಹೇಳೂದಿಲ್ಲ, ಹೇಳಿದ್ರ ನನ್ನ ತಮ್ಮನೇ ಎದ್ದು ಹೋಗ್ತಾನ. ಆದರೆ ಪಟ್ಟಿ ಎತ್ತಿದ ರೊಕ್ಕ ಒಂದೇ ರಾತ್ರಿಗೆ ಬಾಡಿಗಿ ಆಗಿ ಹೋಗ್ತದ. ಅದರಾಗ ಒಂದು ಪಾಲು ಹಲಗಿ ಕೊಳ್ಳಲಿಕ್ಕೆ, ಕಲಿಸೋರಿಗೆ ಗೌರವಧನ ಕೊಡಲಿಕ್ಕೆ ಇಡೋಣ. ಹೊರಗಿನ ಸುಪಾರಿ ಬಂದ್ರ ರೇಟು ಮೊದಲೇ ಮಾತಾಡೋಣ. ಎಲ್ಲರ ಜೋಡಿ ಪಂಕ್ತಿಯಾಗ ಊಟಕ್ಕ ಕೂಡ್ರಿಸದ ಮನಿಗೆ ಎಷ್ಟು ರೊಕ್ಕ ಕೊಟ್ಟರೂ ಹೋಗೂದಿಲ್ಲ ಅಂತ ಇವತ್ತೇ ಠರಾವು ಮಾಡೋಣ. ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಈ ಠರಾವೇ.

ನಮ್ಮ ವಸ್ತಿಯಾಗ ಚರ್ಮದ ಹಲಗಿ ಎರಡು ಉಳಿದಾವ. ಬಾರಿಸಲಿಕ್ಕೆ ಬರೋ ಅಜ್ಜಂದಿರು ಮೂವರು, ಅವರಲ್ಲಿ ಒಬ್ಬರ ಕೈ ಈಗ ನಡುಗತದ. ಬರೋ ಆದಿತ್ಯವಾರ ಸಂಜಿ ಐದಕ್ಕ ನೀರಿನ ಟಾಕಿ ಹತ್ತಿರ ಅವರನ್ನ ಕರಸೇವಿ. ಕಲಿಯೋರು, ಹುಡುಗಿಯರೂ ಸೈತ, ಇಲ್ಲೇ ಹೆಸರು ಬರೆಸಿ ಹೋಗ್ರಿ. ಜೈ ಭೀಮ್.