ಎಲ್ಲರಿಗಿಂತ ಕಡಿಮೆ ಬರೆದ ಚೀಟಿ: ಆರು ಜನ, ಎರಡು ಟೆಂಟ್, ತಲೆಗೆ 2,200 ರೂಪಾಯಿ

ಇವತ್ತಿನ ಸಂಚಿಕೆ ತುಂಬಾ ಜನ ಕೇಳಿದ್ದಕ್ಕೆ ಮಾಡ್ತಿರೋದು. "ಫ್ರೆಂಡ್ಸ್ ಜೊತೆ ಕಡಿಮೆ ದುಡ್ಡಲ್ಲಿ ಟ್ರೆಕ್ಕು, ಟೆಂಟು ಅಂತ ಹೋಗೋದು ಹೇಗೆ, ಲೆಕ್ಕ ಸಮೇತ ಹೇಳಿ" ಅಂತ. ಬಿ.ಕಾಂ. ಓದಿದವಳ ಹತ್ರ ಲೆಕ್ಕ ಕೇಳಿದ್ರೆ ಬಿಡ್ತೀನಾ? ನಮ್ಮ ಆರು ಜನರ ಗುಂಪಿಗೆ ಖಜಾಂಚಿ ನಾನೇ. ಮೂರು ಹುಡುಗೀರು, ಮೂರು ಹುಡುಗರು. ಒಬ್ಬರೂ ಶ್ರೀಮಂತರಲ್ಲ, ಆದ್ರೆ ಬಡತನ ಎಲ್ಲರದ್ದೂ ಒಂದೇ ಅಳತೆಯದ್ದಲ್ಲ. ತೊಂದರೆ ಶುರುವಾಗೋದೇ ಅಲ್ಲಿ.

ನಮ್ಮಲ್ಲಿ ಒಬ್ಬ ಇದ್ದಾನೆ. ಹೆಸರು ಬೇಡ, ಶಿರಸಿ ಕಡೆಯವನು ಅಂತ ಇಟ್ಕೊಳಿ. ಎರಡು ವರ್ಷದ ಹಿಂದೆ ಸತತ ಮೂರು ಟ್ರಿಪ್ಪಿಗೆ ಕೊನೇ ಗಳಿಗೇಲಿ ಕೈಕೊಟ್ಟ. ಒಂದು ಸಲ ಆಫೀಸಲ್ಲಿ ರಜೆ ಇಲ್ಲ, ಇನ್ನೊಂದು ಸಲ ಮನೇಲಿ ಪೂಜೆ, ಮತ್ತೊಂದು ಸಲ ಜ್ವರ. ವಾಟ್ಸಾಪ್ ಗುಂಪಲ್ಲಿ ಅವನ ಕಾಲೆಳೆದಿದ್ದೇ ಎಳೆದಿದ್ದು. ಆಮೇಲೊಂದು ಸಂಜೆ ಬಸವನಗುಡೀಲಿ ಚಹಾ ಕುಡಿಯುವಾಗ ನನ್ನ ಹತ್ರ ಮಾತ್ರ ಹೇಳ್ದ: "ರಜೆ ಇತ್ತು ಕಣೇ. ದುಡ್ಡಿರ್ಲಿಲ್ಲ."

ಯೋಚನೆ ಮಾಡಿ. "ನನ್ನ ಹತ್ರ ಅಷ್ಟು ದುಡ್ಡಿಲ್ಲ" ಅನ್ನೋದಕ್ಕಿಂತ "ಜ್ವರ" ಅನ್ನೋದು ಸುಲಭ. ಗುಂಪಲ್ಲಿ ಯಾರೋ ಒಬ್ಬರು "ನಾಲ್ಕು ಸಾವಿರ ಓಕೆನಾ?" ಅಂತ ಹಾಕ್ತಾರೆ, ಎರಡು ನಿಮಿಷದಲ್ಲಿ ನಾಲ್ಕು ಹೆಬ್ಬೆಟ್ಟು ಬೀಳುತ್ತೆ. ಐದನೆಯವನಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಅವನೂ ಹೆಬ್ಬೆಟ್ಟು ಒತ್ತುತ್ತಾನೆ. ಹೊರಡೋ ಹಿಂದಿನ ದಿನ ಜ್ವರ ಬರುತ್ತೆ.

ಅದಕ್ಕೆ ಆವತ್ತಿಂದ ನಮ್ಮಲ್ಲಿ ಚೀಟಿ ಪದ್ಧತಿ. ಚೀಟಿ ಅಂದ್ರೆ ನಮ್ಮಮ್ಮ ಹಾಕೋ ತಿಂಗಳ ಚೀಟಿ ಅಲ್ಲ. ಎಲ್ರೂ ಒಂದ್ಕಡೆ ಸೇರಿದಾಗ ಒಂದೇ ಬಣ್ಣದ ಪೆನ್ನಲ್ಲಿ, ಒಂದೇ ಅಳತೆಯ ಕಾಗದದಲ್ಲಿ, "ಈ ಟ್ರಿಪ್ಪಿಗೆ ನಾನು ಹೆಚ್ಚಂದ್ರೆ ಇಷ್ಟು ಹಾಕಬಲ್ಲೆ" ಅನ್ನೋ ಸಂಖ್ಯೆ ಬರೆದು ಮಡಚಿ ಡಬ್ಬಕ್ಕೆ ಹಾಕ್ಬೇಕು. ಹೆಸರು ಬರೆಯೋ ಹಾಗಿಲ್ಲ. ಎಲ್ಲಕ್ಕಿಂತ ಕಡಿಮೆ ಇರೋ ಸಂಖ್ಯೆಯೇ ಎಲ್ಲರ ಬಜೆಟ್ಟು. ಸರಾಸರಿ ತೆಗೆಯಲ್ಲ. ಸರಾಸರಿ ತೆಗೆದ್ರೆ ಕಡಿಮೆ ಬರೆದವರು ಮತ್ತೆ ಹೊರಗೇ ಉಳೀತಾರೆ. ಊರು ಯಾವುದು ಅನ್ನೋ ಮಾತು ಆಮೇಲೆ. ಮೊದಲು ಊರು ಆರಿಸಿ, ಆಮೇಲೆ ದುಡ್ಡು ಹೊಂದಿಸೋದು ನಮ್ಮಲ್ಲಿಲ್ಲ.

ಇದು ದಾನ ಧರ್ಮ ಅಂದ್ಕೋಬೇಡಿ, ಲೆಕ್ಕವೂ ಹೀಗೇ ಹೇಳುತ್ತೆ. ಟ್ರಿಪ್ಪಿನ ಖರ್ಚಲ್ಲಿ ಎರಡು ಬಗೆ. ಊಟದಂಥದ್ದು ತಲೆ ಲೆಕ್ಕದ್ದು. ಜೀಪು, ಗೈಡು ಇಡಿಯಾಗಿ ಕೊಡೋದು, ನಾಲ್ಕು ಜನ ಬಂದ್ರೂ ಅಷ್ಟೇ, ಆರು ಜನ ಬಂದ್ರೂ ಅಷ್ಟೇ. ಜೀಪಿಗೆ 1,800 ಅಂದ್ರೆ ಆರು ಜನಕ್ಕೆ ತಲಾ 300. ಇಬ್ಬರಿಗೆ 'ಜ್ವರ' ಬಂದ್ರೆ ಉಳಿದವರಿಗೆ ತಲಾ 450. ಅಂದ್ರೆ ಬಜೆಟ್ ಏರಿಸಿ ಇಬ್ಬರನ್ನ ಕಳ್ಕೊಂಡ್ರೆ ಉಳಿದವರ ಜೇಬಿಗೂ ಕತ್ತರಿ. ನಮ್ಮಲ್ಲಿ ಕೈತುಂಬಾ ಸಂಬಳ ತಗೊಳೋ ಒಬ್ಬನಿಗೆ ಈ ಪದ್ಧತಿ ಒಪ್ಪಿಸಿದ್ದು ಇದೇ ಲೆಕ್ಕ ತೋರಿಸಿ. ಭಾವನೆಗಿಂತ ಎಕ್ಸೆಲ್ ಬೇಗ ನಾಟುತ್ತೆ ಕೆಲವರಿಗೆ.

ಈಗ ಕಳೆದ ನವೆಂಬರಿನ ಕುದುರೆಮುಖದ ಕಥೆ. ಡಬ್ಬ ತೆಗೆದಾಗ ಸಿಕ್ಕಿದ್ದು ಐದು ಸಾವಿರ, ನಾಲ್ಕು, ಮೂರೂವರೆ, ಎರಡು ಚೀಟೀಲಿ ಮೂರು, ಕೊನೇದು 2,200. ಸರಿ, 2,200.

ಕುದುರೆಮುಖ ಶಿಖರ 1,894 ಮೀಟರ್. ಹತ್ತೋಕೆ ಶುರುಮಾಡೋ ಊರು ಮುಳ್ಳೋಡಿ. ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟ್ ಹಾಕಿ ರಾತ್ರಿ ಉಳಿಯೋ ಹಾಗಿಲ್ಲ, ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು. ಹಾಗಾದ್ರೆ ಟೆಂಟ್ ಎಲ್ಲಿ? ಹೋಂಸ್ಟೇ ಅಂಗಳದಲ್ಲಿ. ಫೋನ್ ಮಾಡಿ ಹೀಗೆ ಕೇಳಿ: "ರೂಮು ಬೇಡ, ಟೆಂಟ್ ನಮ್ಮದೇ ಇದೆ, ಅಂಗಳ ಕೊಡಿ, ಊಟ ನಿಮ್ಮನೇದು." ವಾರಾಂತ್ಯದಲ್ಲಿ ಯಾರೂ ಒಪ್ಪಲ್ಲ, ಭಾನುವಾರ ರಾತ್ರಿಗೆ ಒಪ್ತಾರೆ. ನಾವು ಶನಿವಾರ ರಾತ್ರಿ ಬೆಂಗಳೂರಿಂದ ಕಳಸದ ಬಸ್ ಹತ್ತಿ, ಭಾನುವಾರ ಸುತ್ತಾಡಿ, ರಾತ್ರಿ ಅಂಗಳದಲ್ಲಿ ಮಲಗಿ, ಸೋಮವಾರ ಬೆಟ್ಟ ಹತ್ತಿ ಇಳಿದು, ರಾತ್ರಿ ಬಸ್ಸಿಗೆ ವಾಪಸ್. ಮಂಗಳವಾರ ಬೆಳಿಗ್ಗೆ ಆಫೀಸು. ಒಂದೇ ರಜೆ. ಚಾರಣದ ಪರ್ಮಿಟ್ಟು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಲ್ಲೇ ಆಗಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದ್ರಿಂದ ಶನಿವಾರ, ಭಾನುವಾರದ್ದು ಬೇಗ ತುಂಬುತ್ತೆ, ಸೋಮವಾರದ್ದು ಆರಾಮಾಗಿ ಸಿಕ್ತು.

ಭಾನುವಾರ ಮಧ್ಯಾಹ್ನದ ಊಟ ಹೊರನಾಡಲ್ಲಿ, ಅನ್ನಪೂರ್ಣೇಶ್ವರಿ ದೇವಸ್ಥಾನದ ಪ್ರಸಾದ. ಬಂದವರಿಗೆಲ್ಲ ಅನ್ನ ಹಾಕೋ ಜಾಗ ಅದು. ಒಂದೇ ಮಾತು: ಅದನ್ನ 'ಫ್ರೀ ಫುಡ್ ಹ್ಯಾಕ್' ಅಂತ ರೀಲ್ಸ್ ಮಾಡ್ಬೇಡಿ ದಯವಿಟ್ಟು. ಕೈಲಾದಷ್ಟು ಹುಂಡಿಗೆ ಹಾಕಿ, ತಲೆಬಗ್ಗಿಸಿ ಉಂಡು ಬನ್ನಿ.

ಈಗ ಜಗಳಕ್ಕೆ ಬರ್ತೀನಿ. ಬಸ್ ಟಿಕೆಟ್ ಜಗಳ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಗೊತ್ತಲ್ಲ. ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎಸಿಗೆ ಇಲ್ಲ. ನಾವು ಹತ್ತಿದ್ದು ಕೆಂಪು ಬಸ್ಸು. ನಮ್ಮ ಮೂವರಿಗೆ ಶೂನ್ಯ ಟಿಕೆಟ್, ಹುಡುಗರಿಗೆ ಹೋಗಿ ಬರೋಕೆ ತಲಾ ಸಾವಿರದ ಆಸುಪಾಸು. ಒಟ್ಟು ಮೂರು ಸಾವಿರ. ಇದನ್ನ ಮೂರು ಪಾಲು ಮಾಡೋದಾ, ಆರು ಪಾಲಾ?

ನಮ್ಮಲ್ಲೊಬ್ಬಳು ಖಡಾಖಂಡಿತವಾಗಿ ಹೇಳಿದ್ಲು: "ಸರ್ಕಾರ ನನಗೆ ಕೊಟ್ಟಿದ್ದು, ಇವರಿಗೆ ಯಾಕೆ ಹಂಚಲಿ? ರಾತ್ರಿ ಟ್ರಿಪ್ಪಿಗೆ ಮನೇಲಿ ಒಪ್ಪಿಸೋಕೆ ನಾನು ಪಟ್ಟ ಪಾಡನ್ನ ಇವರು ಹಂಚ್ಕೊಂಡ್ರಾ?" ಅವಳ ಮಾತಲ್ಲಿ ನ್ಯಾಯ ಇದೆ. ಎಷ್ಟೋ ಮನೇಲಿ ಹುಡುಗಿ ಟ್ರಿಪ್ಪಿಗೆ ಹೋಗ್ತಿರೋದೇ ಬಸ್ ದುಡ್ಡು ಯಾರ ಹತ್ರವೂ ಕೇಳಬೇಕಿಲ್ಲ ಅನ್ನೋ ಕಾರಣಕ್ಕೆ. ಹುಡುಗರೇನೂ ವಾದಕ್ಕಿಳಿಯಲಿಲ್ಲ, "ನಾವೇ ಕೊಡ್ತೀವಿ ಬಿಡು" ಅಂದ್ರು.

ಆದ್ರೆ ಲೆಕ್ಕ ಬಿಡಬೇಕಲ್ಲ. ಬಸ್ ಬಿಟ್ಟು ಉಳಿದ ಖರ್ಚು ತಲಾ 1,700: ಜೀಪಿಗೆ 300, ಅಂಗಳ ಮತ್ತು ಊಟಕ್ಕೆ 600, ಪರ್ಮಿಟ್ಟು, ಗೈಡು, ಲೋಕಲ್ ಬಸ್ಸು, ಚಹಾ ಎಲ್ಲ ಸೇರಿ 800. ಬಸ್ ದುಡ್ಡು ಹುಡುಗರೇ ಕೊಟ್ರೆ ಅವರಿಗೆ 2,700 ಬೀಳುತ್ತೆ. 2,200ರ ಚೀಟಿ ಒಬ್ಬ ಹುಡುಗನದ್ದಾಗಿದ್ರೆ ಅವನಿಗೆ ಐನೂರು ಕಮ್ಮಿ ಬಿತ್ತು, ಮತ್ತೆ ಜ್ವರ. ಆರು ಪಾಲು ಮಾಡಿದ್ರೆ ಎಲ್ಲರಿಗೂ ಸರಿಯಾಗಿ 2,200. ಆದ್ರೆ ಆ ಚೀಟಿ ಒಬ್ಬ ಹುಡುಗೀದಾಗಿದ್ರೆ? 1,700ಕ್ಕೆ ಮುಗಿಯೋ ಅವಳ ಟ್ರಿಪ್ಪಿಗೆ ಐನೂರು ಜಾಸ್ತಿ, ಅದೂ ದುಡ್ಡಿಲ್ಲದ ಬಸ್ಸಿಗೆ! ಯಾರ ಚೀಟಿ ಅಂತ ಕೇಳಿದ್ರೆ ಒಂದು ನಿಮಿಷದಲ್ಲಿ ಬಗೆಹರಿಯುತ್ತೆ. ಕೇಳಿದ್ರೆ ಚೀಟಿ ಹಾಕಿದ್ದಕ್ಕೆ ಅರ್ಥವೇ ಇಲ್ಲ.

ಕೊನೆಗೆ ಆರು ಪಾಲೇ ಆಯ್ತು. ಅದೊಂದೇ ದಾರೀಲಿ ಯಾರಿಗೂ ಅವರು ಬರೆದ ಸಂಖ್ಯೆ ದಾಟಲ್ಲ, ಯಾರೂ ಬಾಯಿಬಿಡಬೇಕಿಲ್ಲ. ನ್ಯಾಯ ಅಂತ ಹೇಳಲ್ಲ, ಹೊಂದಾಣಿಕೆ ಅಂತೀನಿ. ಆ ಗೆಳತಿ ಇವತ್ತಿಗೂ ಒಪ್ಪಿಲ್ಲ, ಐನೂರು ಕೊಟ್ಟಿದಾಳೆ, ಒಪ್ಪಿಗೆ ಕೊಟ್ಟಿಲ್ಲ.

ಟೆಂಟಿನ ಲೆಕ್ಕ ಬೇಗ ಹೇಳ್ತೀನಿ. ಮೂರು ಜನದ ಟೆಂಟು, ಒಂದಕ್ಕೆ ಮೂರು ಸಾವಿರ ಕೊಟ್ಟು ಎರಡು ತಗೊಂಡಿದ್ವಿ, ತಲಾ ಸಾವಿರ. ಬಾಡಿಗೆ ತಂದ್ರೆ ರಾತ್ರಿಗೆ ಒಂದಕ್ಕೆ 300. ಹತ್ತು ರಾತ್ರಿಗೆ ಅಸಲು ಗಿಟ್ಟುತ್ತೆ, ನಮ್ಮದು ಹದಿಮೂರಾಗಿದೆ. ವರ್ಷಕ್ಕೆ ಒಂದೆರಡು ಸಲ ಹೋಗೋರು ಬಾಡಿಗೆಗೇ ತನ್ನಿ. ಮಧ್ಯೆ ಒಬ್ಬ ಹೈದರಾಬಾದಿಗೆ ಹೊರಟಾಗ ತನ್ನ ಪಾಲು ಕೇಳ್ದ. ವರ್ಷಕ್ಕೆ ಶೇಕಡಾ 25 ಸವಕಳಿ ಹಿಡಿದು, ಎರಡು ವರ್ಷಕ್ಕೆ 500 ಕಳೆದು, ಉಳಿದ 500 ಹೊಸದಾಗಿ ಸೇರಿದವಳಿಂದ ಕೊಡಿಸಿದೆ. ಡಿಗ್ರಿ ಮೂರು ವರ್ಷ ಓದಿದ್ದು ಸಾರ್ಥಕ ಆಗಿದ್ದು ಅವತ್ತೇ.

ಈಗ ಎಲ್ಲಿ ಉಳಿಸಬಾರದು ಅನ್ನೋದು. ಇದನ್ನ ಫಾಸ್ಟ್ ಫಾರ್ವರ್ಡ್ ಮಾಡ್ಬೇಡಿ.

ನವೆಂಬರಲ್ಲಿ ಮಲೆನಾಡಿನ ರಾತ್ರಿ ಚಳಿ ಜೋರು. ಎಂಟು ಗಂಟೆಗೇ ಇಬ್ಬನಿ ಬಿದ್ದು ಟೆಂಟಿನ ಬಟ್ಟೆ ಒದ್ದೆ. ಹೋಂಸ್ಟೇ ಅಕ್ಕ ಅಂಗಳದಲ್ಲಿ ಕೈ ಕಾಯಿಸ್ಕೊಳಿ ಅಂತ ಒಂದು ಹಳೇ ಬಾಂಡ್ಲಿ ತುಂಬಾ ಕೆಂಡ ಕೊಟ್ಟಿದ್ರು. ಊಟ ಆಗಿ ಹರಟೆ ಮುಗಿದ ಮೇಲೆ ನಮ್ಮ ಹುಡುಗ ಒಬ್ಬ, ಹೊಗೆ ಹೋಗಿದೆ, ಬರೀ ಕೆಂಡ ತಾನೇ ಅಂತ, ಬಾಂಡ್ಲೀನ ಟೆಂಟ್ ಒಳಗೆ ಎಳ್ಕೊಳೋಕೆ ಹೊರಟ. ಅಕ್ಕ ಜಗಲಿಯಿಂದ ಕೂಗಿದ ಕೂಗು ಇನ್ನೂ ಕಿವೀಲಿದೆ: "ಅಯ್ಯೋ, ಅದನ್ನ ಒಳಗೆ ತಗೊಂಡು ಹೋಗ್ಬೇಡಿ ಮಾರಾಯ್ರೆ! ಬೆಳಿಗ್ಗೆ ಏಳಲ್ಲ ನೀವು!"

ಅವರು ಹೇಳಿದ್ದು ಅಕ್ಷರಶಃ ನಿಜ. ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತೆ. ತಲೆನೋವು, ಮಂಪರು ಬಂದ್ರೆ ಟ್ರೆಕ್ ಸುಸ್ತು ಅಂದ್ಕೊಂಡು ಮಲಗ್ತೀವಿ. ಜಿಪ್ ಅರ್ಧ ತೆಗೆದಿಟ್ರೂ ಸಾಲಲ್ಲ. ಕೆಂಡ, ಗ್ಯಾಸ್ ಸ್ಟವ್ವು, ಇದ್ದಿಲ ಬಾರ್ಬೆಕ್ಯೂ ಯಾವುದೂ ಟೆಂಟ್ ಒಳಗೆ ಬೇಡ. ಚಳಿಗೆ ಒಂದು ಕಂಬಳಿ ಹೆಚ್ಚು ತಗೊಳಿ. ಅಕ್ಕ ಮೂರು ಕಂಬಳಿ ಕೊಟ್ರು, ದುಡ್ಡು ಕೇಳಲಿಲ್ಲ.

ಇನ್ನೊಂದು, ಕಾಡಂಚಲ್ಲಿ ಟೆಂಟ್ ಅಂತ ಯಾರಾದ್ರೂ ಅಗ್ಗಕ್ಕೆ ಕೊಟ್ರೆ ಹಿಗ್ಗಬೇಡಿ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ರ ಒಂದು ರೆಸಾರ್ಟಿನ ಟೆಂಟಲ್ಲಿ ತಂಗಿದ್ದ ಯುವತಿ ಆನೆ ದಾಳೀಲಿ ಸತ್ತರು. ಟೆಂಟಿನ ಬಟ್ಟೆ ಇಬ್ಬನಿಯನ್ನೇ ತಡೆಯಲ್ಲ, ಆನೇನ ತಡೆಯುತ್ತಾ? ನಾವು ಮನೆ ಅಂಗಳ, ದನದ ಕೊಟ್ಟಿಗೆ ಪಕ್ಕ, ನಾಯಿ ಇರೋ ಜಾಗ ಅಂತ ಆರಿಸೋದು ಅದಕ್ಕೇ.

ರೈಲ್ವೆ ಹಳಿ ಮೇಲೆ ನಡ್ಕೊಂಡು ಹೋಗೋ ಟ್ರೆಕ್ ಬಗ್ಗೆ ಈಗಲೂ ಮೆಸೇಜ್ ಬರುತ್ತೆ. ಸಕಲೇಶಪುರ, ದೂಧಸಾಗರ, ಎರಡಕ್ಕೂ ನನ್ನ ಉತ್ತರ ಬೇಡ. ರೈಲ್ವೆ ಕಾಯ್ದೆ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ. ಸುರಂಗದೊಳಗೆ ರೈಲು ಬಂದ್ರೆ ದಂಡ ಕಟ್ಟೋಕೂ ಯಾರೂ ಉಳಿಯಲ್ಲ. ಆ ಘಾಟಿ ನೋಡ್ಬೇಕಾ, ಹಗಲು ರೈಲಲ್ಲಿ ಕಿಟಕಿ ಪಕ್ಕ ಕೂತು ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ, ಎಣಿಸ್ತಾ ಹೋಗಿ.

ಸೋಮವಾರ ಬೆಟ್ಟ ಹತ್ತಿದ್ವಿ. ಹಳ್ಳ ದಾಟಿ, ಒಂಟಿಮರದ ಹತ್ರ ಕೂತು, ಶೋಲಾ ಕಾಡು, ಹುಲ್ಲುಗಾವಲು ಅಂತ ಏರ್ತಾ ಏರ್ತಾ ಮೇಲೆ ಹೋದಾಗ ಬರೀ ಮೋಡ. ಎದುರಿಗೆ ನಿಂತವರ ಮುಖ ಕಾಣ್ತಿರಲಿಲ್ಲ. ಕಟ್ಟಿಕೊಟ್ಟಿದ್ದ ಚಿತ್ರಾನ್ನ ಅಲ್ಲೇ ತಿಂದ್ವಿ. ಇಳಿಯುವಾಗ ಶಿರಸಿಯವನು ನನ್ನ ಜೊತೆ ಹಿಂದೆ ಉಳ್ಕೊಂಡ. "ಚೀಟಿ ನಂದು ಅಂತ ಎಲ್ರೂ ಅಂದ್ಕೊಂಡಿದೀರಾ, ಅಲ್ವಾ?" ಅಂದ. ನಾನು ಸುಮ್ನಿದ್ದೆ. "ನಂದು ಮೂರು ಸಾವಿರ ಇತ್ತು ಕಣೇ. ಈಗ ಸಂಬಳ ಪರವಾಗಿಲ್ಲ."

ನಂಬಿದೆ. ಡಬ್ಬದಲ್ಲಿ ಮೂರು ಸಾವಿರದ ಚೀಟಿ ಎರಡಿತ್ತು, ಒಂದು ನಂದು. ಅಂದ್ರೆ 2,200 ಬರೆದಿದ್ದು ಉಳಿದ ನಾಲ್ವರಲ್ಲಿ ಒಬ್ಬರು. ಮುಂದೆ ನಗ್ತಾ ಇಳೀತಿದ್ದ ಆ ನಾಲ್ವರ ಬೆನ್ನು ನೋಡ್ತಾ ಜೀಪಿನ ತನಕ ಬಂದೆ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಮತ್ತೆ ಡಬ್ಬ ತೆಗೆದ್ವಿ. ಈ ಸಲ ಎಲ್ಲಕ್ಕಿಂತ ಕಡಿಮೆ ಇದ್ದದ್ದು 600. ಯಾರೂ ಏನೂ ಅನ್ನಲಿಲ್ಲ, ಒಬ್ಬಳು ರೈಲಿನ ವೇಳಾಪಟ್ಟಿ ತೆಗೆದ್ಲು. ಪ್ಯಾಸೆಂಜರ್ ರೈಲಲ್ಲಿ ಮಾಕಳಿದುರ್ಗ, ರಾತ್ರಿ ಟೆಂಟು ದೊಡ್ಡಬಳ್ಳಾಪುರದ ಹತ್ರ ಅವಳ ಚಿಕ್ಕಪ್ಪನ ದ್ರಾಕ್ಷಿ ತೋಟದಲ್ಲಿ. ಅಡುಗೆ ನಾವೇ ಮಾಡ್ಬೇಕು. ಸಾರು ಮಾಡೋಕೆ ಬರೋದು ಹೈಸ್ಯಾಲರಿ ಹುಡುಗ ಒಬ್ಬನಿಗೇ, ಈಗಿಂದಲೇ ಅವನನ್ನ ಓಲೈಸ್ತಿದೀವಿ. ಹೋಗಿ ಬಂದು ಲೆಕ್ಕ ಒಪ್ಪಿಸ್ತೀನಿ. ಮುಂದಿನ ಶುಕ್ರವಾರ ಸಿಗೋಣ, ನಮಸ್ಕಾರ.